ಹಗ್ಗದ ಮೇಲ್ತುದಿ

ಫೆಬ್ರವರಿ ೧೧

ಅಣ್ಣನಿಗೆ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಅಕ್ಷರ ಕಂಡ ಕೂಡಲೇ ಅಪ್ಪನಿಗೆ ಏನೋ ಆಗಿದೆ ಎಂದುಕೊಳ್ಳುತ್ತೀಯ. ಅಪ್ಪನಿಗೆ ಏನೂ ಆಗಿಲ್ಲ. ಕಿವಿ ಪೂರ್ತಿ ಹೋಗಿದೆ, ಗಂಟಲು ಮೊದಲಿಗಿಂತ ಜೋರಾಗಿದೆ. ನೀರಿನೊಳಗೆ ಅಷ್ಟು ವರ್ಷ ಕೆಲಸ ಮಾಡಿದವರ ಕಿವಿ ಹೀಗೇ ಎಂದು ಡಾಕ್ಟರು ಮೆಲ್ಲಗೆ ಹೇಳಿದರೆ, 'ಏನಂದ್ರು?' ಎಂದು ಅಪ್ಪ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದರು.

ನೀನಿರುವ ಧ್ಯಾನದ ಮನೆಯಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ, ಕಾಗದ ಬರೆಯಬಹುದು ಎಂದು ನಿನ್ನ ಕಾರ್ಡಿನಲ್ಲಿತ್ತು. ಮೂರು ವರ್ಷದಲ್ಲಿ ಎರಡು ಕಾರ್ಡು. ಎರಡೂ ಅಪ್ಪನ ಹೆಸರಿಗೆ. ನನ್ನ ಬಗ್ಗೆ ಒಂದು ಅಕ್ಷರವಿಲ್ಲ. ನನಗೂ ಹಟವಿತ್ತು, ಬರೆಯಲಿಲ್ಲ. ಈಗ ಬರೆಯುತ್ತಿರುವುದು ಅಣೆಕಟ್ಟಿನ ಇಂಜಿನಿಯರ್ ಸಾಹೇಬರ ಕಾಟ ತಡೆಯಲಾರದೆ.

ಅಣೆಕಟ್ಟಿನ ತಳದ ತೂಬಿನ ಜಾಲರಿಗೆ ದೊಡ್ಡ ಮರದ ದಿಮ್ಮಿಯೊಂದು ಬಂದು ಸಿಕ್ಕಿಕೊಂಡಿದೆ. ಅದನ್ನು ಬಿಡಿಸದೆ ತೂಬು ತೆರೆಯುವಂತಿಲ್ಲ. ಹೊರಗಿನ ಕಂಪನಿಯವರಿಗೆ ಸದ್ಯಕ್ಕೆ ಪುರುಸೊತ್ತಿಲ್ಲವಂತೆ. ನಾನು ಮುಳುಗಿ ಮಾಡುವುದೆಲ್ಲ ಮೇಲಿನ ಜಾಲರಿಗಳ ಕೆಲಸ. ಐವತ್ತು ಮೀಟರ್ ಕೆಳಗೆ ಇಳಿದು ಆ ತೂಬನ್ನು ಕೈಯಿಂದ ಮುಟ್ಟಿದವನು ಈಗ ನೀನೊಬ್ಬನೇ. 'ನಿಮ್ಮಣ್ಣ ಒಂದು ದಿನಕ್ಕೆ ಬಂದು ಹೋಗಲಿ, ಸನ್ಯಾಸ ಏನೂ ಕೆಡಲ್ಲ' ಎಂದು ಸಾಹೇಬರು ದಿನಾ ನನ್ನ ತಲೆ ತಿನ್ನುತ್ತಾರೆ. ತಿಳಿಸುತ್ತೇನೆ ಎಂದಿದ್ದೆ, ತಿಳಿಸಿದ್ದೇನೆ.

ಬಾ ಎಂದು ನಾನು ಕರೆಯುತ್ತಿಲ್ಲ. ಆ ನೀರಿನಿಂದ ನಿನ್ನನ್ನು ಒಂದು ಸಲ ಎಳೆದು ಹಾಕಿದ್ದೇನೆ, ಅಷ್ಟು ಸಾಕು. ಬರುವುದಿಲ್ಲ ಎಂದು ಒಂದು ಸಾಲು ಬರೆದು ಕಳಿಸು, ಅವರ ಮೇಜಿನ ಮೇಲಿಟ್ಟು ಕೈ ತೊಳೆದುಕೊಳ್ಳುತ್ತೇನೆ.

ತಂಗಿ


ಮಾರ್ಚ್ ೨

ಪುಟ್ಟಿ,

ಬರುತ್ತೇನೆ.

ಈ ಒಂದು ಪದ ಬರೆದು ಪೆನ್ನು ಕೆಳಗಿಟ್ಟು ಎರಡು ದಿನ ಸುಮ್ಮನಿದ್ದೆ. ಉಳಿದದ್ದನ್ನು ನೀನು ಸಿಟ್ಟಾಗದೆ ಕೊನೆಯವರೆಗೆ ಓದಬೇಕು. ಅದು ಆಗುವ ಮಾತಲ್ಲ, ಆದರೂ ಕೇಳಿಕೊಳ್ಳುತ್ತೇನೆ.

ಇಲ್ಲಿ ಎಲ್ಲರೂ ನೆಲದ ಮೇಲೆ ಕಾಲು ಮಡಚಿ ಧ್ಯಾನಕ್ಕೆ ಕೂತರೆ ನಾನು ಹಿಂದಿನ ಗೋಡೆಯ ಪಕ್ಕ ಕುರ್ಚಿಯ ಮೇಲೆ ಕೂರುತ್ತೇನೆ. ನೀನು ಆ ದಿನ ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಸಮನೆ ಎಳೆದೆಯಲ್ಲ, ಅವತ್ತು ಗಾಳಿಯ ಗುಳ್ಳೆ ಕೀಲಿಗೆ ಸೇರಿ ಹಿಡಿದುಕೊಂಡ ಮೊಣಕಾಲು ಇನ್ನೂ ಮಡಚುವುದಿಲ್ಲ. ದೂರುತ್ತಿಲ್ಲ, ಇದ್ದದ್ದು ಹೇಳಿದೆ.

ಆ ದಿನದ ವಿಷಯ ನಿನಗೆ ಎಂದೂ ಹೇಳಿಲ್ಲ. ಜಾಲರಿ ಹಿಡಿದು ನಿಂತಿದ್ದೆ. ದೀಪದ ಬೆಳಕಿನಲ್ಲಿ ಕೆಸರು ಮೆಲ್ಲಗೆ ಮೇಲೇಳುತ್ತಿತ್ತು. ಮೊದಲು ಚಳಿ ಹೋಯಿತು. ಆಮೇಲೆ ಭಯ ಹೋಯಿತು. ಅದು ಹೋದ ಮೇಲೇ ಗೊತ್ತಾಯಿತು, ನಾನು ಹುಟ್ಟಿದಾಗಿನಿಂದ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದೆ ಎಂದು. ಕೊನೆಗೆ ಜಾಲರಿ ಹಿಡಿದ ಕೈ ಯಾರದು ಎಂದು ಕೇಳಿದರೆ ನನ್ನದು ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಕತ್ತಲೆ ಇತ್ತು, ನೀರಿತ್ತು, ನಾನಿರಲಿಲ್ಲ. ಇಲ್ಲದಿರುವುದು ಅಷ್ಟು ಹಗುರವಾಗಿರುತ್ತದೆ ಎಂದು ಹೇಳಿದರೆ ಯಾರು ನಂಬುತ್ತಾರೆ? ಇಲ್ಲಿನವರು ಶೂನ್ಯ ಎನ್ನುವುದು, ನಿರ್ವಾಣ ಎನ್ನುವುದು ಅದನ್ನೇ ಎಂದು ನನಗೆ ಸಂಶಯವೇ ಇಲ್ಲ. ಅದರ ಬಾಗಿಲಲ್ಲಿ ಒಂದು ಕಾಲಿಟ್ಟಿದ್ದೆ. ಆಗ ನೀನು ಎಳೆದೆ.

ಮೂರು ವರ್ಷ ಕುರ್ಚಿಯ ಮೇಲೆ ಕೂತು ಅದನ್ನು ಹುಡುಕಿದ್ದೇನೆ. ಒಂದು ಗಳಿಗೆಯೂ ತಿರುಗಿ ಬಂದಿಲ್ಲ. ಬರುವುದು ಬರೀ ಮೊಣಕಾಲು ನೋವು, ಪಕ್ಕದವನ ಸೀನು, ಅಡುಗೆಮನೆಯ ಪಾತ್ರೆಯ ಸದ್ದು. ಈಗ ನಿನ್ನ ಕಾಗದ ಬಂದಿದೆ, ಅದೇ ತೂಬು, ಅದೇ ಆಳ.

ನಾನು ಇಳಿಯುತ್ತೇನೆ. ಹಗ್ಗ ನೀನೇ ಹಿಡಿಯಬೇಕು. ಕೇಳಿಕೊಳ್ಳುವುದು ಒಂದೇ. ನಾನು ಜಗ್ಗಿ ಕೇಳುವವರೆಗೆ ಎಳೆಯಬೇಡ. ನಿನ್ನ ಜಗ್ಗಿಗೆ ನಾನು ಉತ್ತರ ಕೊಡದಿದ್ದರೂ ಎಳೆಯಬೇಡ.

ಅಣ್ಣ


ಮಾರ್ಚ್ ೯

ಅಣ್ಣಾ,

ಆಗುವುದಿಲ್ಲ.

ನೀನು ಕೇಳುತ್ತಿರುವುದು ಏನು ಗೊತ್ತೇ? ತಂಗಿಯ ಕೈಗೆ ಹಗ್ಗ ಕೊಟ್ಟು, ನಾನು ಸಾಯುವುದನ್ನು ನೋಡುತ್ತಾ ನಿಂತಿರು ಎನ್ನುತ್ತಿದ್ದೀಯ. ಅದಕ್ಕೆ ನಿರ್ವಾಣ ಎಂದು ಹೆಸರಿಟ್ಟರೆ ನಾನು ತಲೆಬಾಗಬೇಕೇ?

ನೀನು ಹೇಳುವ ಬಾಗಿಲಿಗೆ ನಮ್ಮ ಕೆಲಸದವರು ಅಮಲು ಎನ್ನುತ್ತಾರೆ. ಅಷ್ಟು ಆಳಕ್ಕೆ ಹೋದರೆ ಕೊಳವೆಯಲ್ಲಿ ಬರುವ ಬರೀ ಗಾಳಿಯೇ ತಲೆಗೇರುತ್ತದೆ. ಅಪ್ಪ ನಮ್ಮಿಬ್ಬರನ್ನೂ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಹೇಳಿದ್ದು ಮರೆತೆಯಾ? 'ಕೆಳಗೆ ತುಂಬಾ ಸುಖ ಅನ್ನಿಸಿದ್ರೆ ಕೂಡ್ಲೇ ಮೇಲೆ ಬನ್ನಿ' ಎಂದಿದ್ದರು. ಅದೇ ಕಾರಣಕ್ಕೆ ಮನೆಯ ನಿಯಮ ಮಾಡಿದ್ದು. ಮೇಲಿನವರು ಒಂದು ಸಲ ಜಗ್ಗಿದರೆ ಹೇಗಿದ್ದೀಯ ಎಂದು. ಕೆಳಗಿನವರು ತಿರುಗಿ ಜಗ್ಗಿದರೆ ಚೆನ್ನಾಗಿದ್ದೇನೆ ಎಂದು. ಎರಡನೇ ಸಲವೂ ಉತ್ತರ ಬರದಿದ್ದರೆ ಎಳೆಯುವುದು, ಕೇಳುವುದು ಗೀಳುವುದು ಇಲ್ಲ. ಹಗ್ಗ ಹಿಡಿದವರು ಕೂರಬಾರದು, ಯಾರ ಹತ್ತಿರವೂ ಮಾತಾಡಬಾರದು.

ನಿನ್ನ ಕಡೆಯದು ಹೇಳಿದೆ. ನನ್ನ ಕಡೆಯದು ಕೇಳು. ನಾನು ಜಗ್ಗಿದೆ. ಇಲ್ಲ. ಮತ್ತೆ ಜಗ್ಗಿದೆ. ಇಲ್ಲ. ಅಷ್ಟೇ ಆದದ್ದು, ಆದರೆ ನನ್ನ ಕೈಗಳಿಗೆ ಅದು ಈಗಲೂ ನೆನಪಿದೆ. ಕೆಲವು ಸಲ ಬಟ್ಟೆ ಒಣಹಾಕುವ ಹಗ್ಗ ಮುಟ್ಟಿದರೆ ಗೊತ್ತಿಲ್ಲದೆ ಒಂದು ಸಲ ಜಗ್ಗಿಬಿಡುತ್ತೇನೆ. ನಡುವೆ ನಿಲ್ಲಿಸಬೇಕಿತ್ತು, ನಿಜ. ನಿಲ್ಲಿಸುವಷ್ಟು ಬುದ್ಧಿ ಆಗ ಉಳಿದಿರಲಿಲ್ಲ. ಮೇಲೆ ಬಂದ ನೀನು ಮುಖವಾಡ ತೆಗೆದು ಏನಂದೆ? 'ಯಾಕೆ ಎಳೆದೆ?' ಅಷ್ಟೇ. ಆಮೇಲೆ ಮಾತೇ ಬಿಟ್ಟೆ, ಊರೇ ಬಿಟ್ಟೆ.

ನಿನ್ನ ಮೊಣಕಾಲಿಗೆ ಏನು ಹಚ್ಚಬೇಕೆಂದು ಅಪ್ಪನನ್ನು ಕೇಳಿ ಬರೆಯುತ್ತೇನೆ. ಬೇರೆ ಯಾವುದಕ್ಕೂ ನನ್ನನ್ನು ಕೇಳಬೇಡ.

ತಂಗಿ


ಏಪ್ರಿಲ್ ೫

ಪುಟ್ಟಿ,

ಸಾಯಲು ಹೊರಟವನು ಕಾಗದ ಬರೆದು ಅನುಮತಿ ಕೇಳುತ್ತಾನೆಯೇ? ನನಗೆ ಸಾಯುವ ಆಸೆಯಿಲ್ಲ. ಆ ಹೊಸ್ತಿಲು ದಾಟಿ ನೋಡಬೇಕು, ಅಷ್ಟೇ. ದಾಟಿದವನು ತಾನೇ ತಿರುಗಿ ಬರುತ್ತಾನೆ ಎಂದು ನನಗನ್ನಿಸುತ್ತದೆ.

ಅಮಲು ಎಂದು ನೀನು ಒಂದೇ ಮಾತಿನಲ್ಲಿ ತೀರಿಸಿಬಿಟ್ಟೆ. ಇರಲಿ, ಗಾಳಿಯಿಂದಲೇ ಬಂತೆನ್ನು. ಕಿಟಕಿ ಗಾಳಿಗೆ ತೆರೆದುಕೊಂಡರೇನು, ಕೈಯಿಂದ ತೆರೆದರೇನು, ಹೊರಗೆ ಕಾಣುವುದು ಸುಳ್ಳಾಗುತ್ತದೆಯೇ?

ಇಲ್ಲಿನ ಹಿರಿಯಮ್ಮನಿಗೆ ಕೊನೆಗೂ ಹೇಳಿದೆ. ನಮಗೆಲ್ಲ ಕಲಿಸುವವರು ಅವರೇ. ಮೊದಲು ಲಾಂಡ್ರಿ ನಡೆಸುತ್ತಿದ್ದವರು, ಈಗಲೂ ನಮ್ಮ ಬಟ್ಟೆಯಲ್ಲಿ ಸುಕ್ಕು ಕಂಡರೆ ಮುಖ ಸಿಂಡರಿಸುತ್ತಾರೆ. ಬಟಾಣಿ ಸುಲಿಯುತ್ತಾ ಕೇಳಿಸಿಕೊಂಡರು. 'ಅಲ್ಲಿ ನೀನು ಇರಲಿಲ್ಲ ಅಂತೀಯ. ಹಾಗಾದ್ರೆ ಮತ್ತೆ ಬೇಕು ಅಂತ ಮೂರು ವರ್ಷದಿಂದ ಅಳ್ತಿರೋದು ಯಾರು?' ಎಂದರು. ಇನ್ನೊಂದು ಕಾಯಿ ಸುಲಿದು ಮತ್ತೆ, 'ಇಳಿಯೋನು ನೀನು, ಶೂನ್ಯಾನೂ ನಿಂದು. ಹಗ್ಗ ಮಾತ್ರ ಅವಳದಾ?' ಎಂದರು. ಅವರು ಒಂದು ದಿನವೂ ನೀರಿಗೆ ಇಳಿದವರಲ್ಲ, ಅವರಿಗೇನು ಗೊತ್ತು ಎಂದು ಎದ್ದು ಬಂದೆ. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಸಾಹೇಬರಿಗೆ ನಾನೇ ನೇರವಾಗಿ ಬರೆದೆ. ಮೇ ತಿಂಗಳಿಗೆ ಒಪ್ಪಿದ್ದಾರೆ. ನೀನು ಹಗ್ಗ ಹಿಡಿಯದಿದ್ದರೆ ಕ್ರೇನ್ ನಡೆಸುವವನು ಹಿಡಿಯುತ್ತಾನಂತೆ. ಅವನು ಸಾಧು ಮನುಷ್ಯ, ಹೇಳಿದಷ್ಟು ಮಾಡುತ್ತಾನೆ. ಎಳೆಯಬೇಡ ಎಂದರೆ ಎಳೆಯುವುದಿಲ್ಲ.

ನೀನೇ ಇದ್ದರೆ ನನಗೆ ಸಮಾಧಾನ. ಯೋಚಿಸು.

ಅಣ್ಣ


ಏಪ್ರಿಲ್ ೨೧

ಅಣ್ಣಾ,

ಯೋಚಿಸಿದೆ. ಬಾ.

ಆದರೆ ಇಳಿಯುವುದು ನೀನಲ್ಲ. ನಿನ್ನ ಮೊಣಕಾಲಿನ ವಿಷಯ ಸಾಹೇಬರಿಗೆ ಹೇಳಿದ್ದೇನೆ. ಗಾಳಿ ಹಿಡಿದ ಕೀಲಿನವನನ್ನು ಆ ಆಳಕ್ಕೆ ಇಳಿಸಿದರೆ ಅವರ ಕುರ್ಚಿಗೇ ಸಂಚಕಾರ. ಕೂಡಲೇ ಪೆನ್ನು ತೆಗೆದು ನಿನ್ನ ಹೆಸರನ್ನು ಹೊಡೆದು ಹಾಕಿದರು. ಚಾಡಿ ಹೇಳಿದಳು ಎಂದುಕೋ, ನನಗೇನೂ ನಾಚಿಕೆಯಿಲ್ಲ.

ನಾನು ಇಳಿಯುತ್ತೇನೆ. ಒಂದು ತಿಂಗಳಿಂದ ಸ್ವಲ್ಪ ಸ್ವಲ್ಪವೇ ಆಳಕ್ಕೆ ಹೋಗಿ ಅಭ್ಯಾಸ ಮಾಡುತ್ತಿದ್ದೇನೆ. ಡಾಕ್ಟರು ಸರಿ ಎಂದಿದ್ದಾರೆ. ದಿಮ್ಮಿಗೆ ಉಕ್ಕಿನ ತಂತಿ ಸುತ್ತಿ ಬರುತ್ತೇನೆ, ಜೊತೆಗೆ ನಿನ್ನ ಹೊಸ್ತಿಲನ್ನೂ ನೋಡಿ ಬರುತ್ತೇನೆ. ಅಲ್ಲಿರುವುದು ನಿರ್ವಾಣವೋ ಬರೀ ಗಾಳಿಯೋ, ಹೋಗಿ ಬಂದವರು ಇಬ್ಬರಿದ್ದರೆ ತೀರ್ಮಾನ ಸುಲಭ.

ಹಗ್ಗ ನೀನು ಹಿಡಿ. ನಿನ್ನ ಷರತ್ತೇ ನನ್ನ ಷರತ್ತು. ನಾನು ಜಗ್ಗಿ ಕೇಳುವವರೆಗೆ ಎಳೆಯಬೇಡ. ಉತ್ತರ ಬರದಿದ್ದರೂ ಎಳೆಯಬೇಡ. ಕೇಳಿಕೊಳ್ಳುವವರಿಗೆ ಸುಲಭವಾಗಿತ್ತಲ್ಲ, ಕೇಳಿಸಿಕೊಂಡವರಿಗೆ ಹೇಗಿರುತ್ತದೆ ಎಂದು ನೋಡು.

ಬರದಿದ್ದರೆ ಕ್ರೇನ್ ನಡೆಸುವವನು ಇದ್ದೇ ಇದ್ದಾನೆ. ಸಾಧು ಮನುಷ್ಯ.

ತಂಗಿ


ಮೇ ೩

ಪುಟ್ಟಿ,

ಇದು ಆಟವಲ್ಲ. ನೀನು ಅಷ್ಟು ಆಳಕ್ಕೆ ಎಂದೂ ಹೋದವಳಲ್ಲ. ಅಭ್ಯಾಸ ಬೇರೆ, ಆ ತಳದ ಕತ್ತಲೆ ಬೇರೆ. ಅಲ್ಲಿ ಕೆಸರು ಎದ್ದರೆ ನಿನ್ನ ಕೈ ನಿನಗೇ ಕಾಣುವುದಿಲ್ಲ. ನಿನ್ನನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ.

ದಯವಿಟ್ಟು ಬೇಡ. ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದಿಮ್ಮಿ ಅಲ್ಲೇ ಇರಲಿ, ತೂಬು ಹಾಳಾಗಿ ಹೋಗಲಿ.

ನಾಲ್ಕು ದಿನದಿಂದ ಧ್ಯಾನಕ್ಕೆ ಕೂತರೆ ಒಂದೇ ಕಾಣುತ್ತದೆ, ನನ್ನ ಕೈಯಲ್ಲಿ ಸಡಿಲವಾಗಿ ನಿಂತ ಹಗ್ಗ. ನಿನ್ನ ಹಟ ನನಗೆ ಗೊತ್ತು, ನಾನು ಬರಲಿ ಬಿಡಲಿ ನೀನು ಇಳಿಯುತ್ತೀಯ. ಹದಿನಾರನೇ ತಾರೀಖಿನ ಬಸ್ಸಿಗೆ ಬರುತ್ತೇನೆ. ಬಂದ ಮೇಲೆ ಮಾತಾಡೋಣ.

ಅಣ್ಣ


ಮೇ ೮

ಅಣ್ಣಾ,

ಬಂದ ಮೇಲೆ ಮಾತಿಲ್ಲ. ಹಗ್ಗ ಹಿಡಿದವರು ಮಾತಾಡಬಾರದು ಎಂದು ಮನೆಯ ನಿಯಮ.

ಕೈಗವಸು ತಾ. ಇಲ್ಲಿರುವವು ನನ್ನ ಅಳತೆಯವು. ಅಪ್ಪನಿಗೆ ನೀನು ಸುಮ್ಮನೆ ನೋಡಲು ಬರುತ್ತಿದ್ದೀಯ ಎಂದಷ್ಟೇ ಹೇಳಿದ್ದೇನೆ. ಅವರ ಮುಂದೆ ಮುಖ ನೆಟ್ಟಗಿಟ್ಟುಕೋ. ಕಿವಿ ಹೋದ ಮೇಲೆ ಅವರು ಮುಖ ಓದುವುದನ್ನು ಕಲಿತಿದ್ದಾರೆ.

ತಂಗಿ


ಮೇ ೩೦

ಅಣ್ಣಾ,

ಊಟಕ್ಕೂ ನಿಲ್ಲದೆ ಅವತ್ತೇ ಸಂಜೆ ಬಸ್ಸು ಹತ್ತಿದೆಯಲ್ಲ, ಅಪ್ಪ ಇನ್ನೂ ನನ್ನ ಮೇಲೇ ರೇಗುತ್ತಿದ್ದಾರೆ. 'ಅವನಿಗೆ ಏನಂದೆ? ಏನಂದೆ ಹೇಳು' ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ವಿಚಾರಣೆ ನಡೆಯುತ್ತಿದೆ.

ನಾನು ಚೆನ್ನಾಗಿದ್ದೇನೆ. ಡಾಕ್ಟರು ಕಿವಿ, ಕೀಲು ಎಲ್ಲ ನೋಡಿದರು. ಏನೂ ಆಗಿಲ್ಲ. ನೀನು ಸರಿಯಾಗಿ ಹತ್ತು ಮೀಟರಿನಲ್ಲಿ ನಿಲ್ಲಿಸಿ ಹಿಡಿದುಕೊಂಡೆ, ಅದಕ್ಕೆ.

ನಡೆದದ್ದು ಇಷ್ಟೇ. ತಂತಿ ಸುತ್ತಿದೆ. ದಿಮ್ಮಿಯ ಅರ್ಧ ಮುರಿದು ಬಂತು, ಇನ್ನರ್ಧ ಜಾಲರಿಯಲ್ಲೇ ಉಳಿದಿದೆ. ನಿನ್ನ ಜಗ್ಗಿಗೆ ನಾನು ಉತ್ತರ ಕೊಡಲಿಲ್ಲ, ಏಕೆಂದರೆ ಹಗ್ಗ ದಿಮ್ಮಿಯ ಕೊಂಬೆಗೆ ಸಿಕ್ಕಿಕೊಂಡಿತ್ತು, ನನಗೆ ಜಗ್ಗು ಗೊತ್ತೇ ಆಗಲಿಲ್ಲ. ನಿನ್ನ ಹೊಸ್ತಿಲೂ ಕಾಣಲಿಲ್ಲ, ಬಾಗಿಲೂ ಕಾಣಲಿಲ್ಲ. ಬರೀ ತಲೆಸುತ್ತು, ಸ್ವಲ್ಪ ವಾಂತಿ ಬಂದಂತೆ. ಅದಕ್ಕಾಗಿ ಯಾರಾದರೂ ಮನೆಮಠ ಬಿಡುತ್ತಾರೆಯೇ ಎಂದು ನಗು ಬಂತು.

ಹಾಗಾಗಿ ಆ ವಿಷಯ ಇಲ್ಲಿಗೆ ಮುಗಿಯಿತು. ನೀನು ಇನ್ನು ಆ ಆಳದ ಹಂಬಲ ಬಿಟ್ಟುಬಿಡು. ಅಲ್ಲಿ ಏನೂ ಇಲ್ಲ.

ತಂಗಿ


ಜೂನ್ ೧೪

ಪುಟ್ಟಿ,

ಬಸ್ಸು ಹತ್ತಿದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ತಟ್ಟೆ ಹಿಡಿದು ಅಪ್ಪನ ಮುಂದೆ ಕೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರು ಮುಖ ಓದುತ್ತಾರೆ ಎಂದು ನೀನೇ ಬರೆದಿದ್ದೆ.

ತೆಪ್ಪದ ಮೇಲೆ ನಡೆದದ್ದನ್ನು ಬರೆಯುತ್ತೇನೆ. ನೀನು ಇಳಿಯುತ್ತಾ ಹೋದೆ, ಹಗ್ಗ ಕೈಯಿಂದ ಜಾರುತ್ತಾ ಹೋಯಿತು. ನನ್ನ ಮೊದಲ ಜಗ್ಗಿಗೆ ನೀನು ಉತ್ತರ ಕೊಟ್ಟೆ. ತಂತಿ ಸುತ್ತುತ್ತಿದ್ದೀಯ ಎಂದು ಕೈಗೆ ಗೊತ್ತಾಗುತ್ತಿತ್ತು. ಆಮೇಲೆ ಎಲ್ಲ ನಿಂತಿತು. ನಾನು ಜಗ್ಗಿದೆ. ಇಲ್ಲ. ಗುಳ್ಳೆಗಳು ಮೇಲೆ ಬರುತ್ತಲೇ ಇದ್ದವು, ಒಂದೇ ಸಮನೆ, ನಿದ್ದೆ ಮಾಡುವವರ ಉಸಿರಿನ ಹಾಗೆ ನಿಧಾನವಾಗಿ. ನಾನೂ ಅವತ್ತು ಹಾಗೇ ಉಸಿರಾಡುತ್ತಿದ್ದೆ, ಅದು ಎಂಥ ಉಸಿರು ಎಂದು ಈ ಲೋಕದಲ್ಲಿ ನನ್ನಷ್ಟು ಗೊತ್ತಿರುವವರು ಯಾರೂ ಇಲ್ಲ. ನಿನಗೆ ಸುಖವಾಗಿದೆ ಎಂದು ಗೊತ್ತಾಯಿತು. ನನ್ನ ತಂಗಿಗೆ ಈಗ ನಾನು ಮೂರು ವರ್ಷ ಹುಡುಕಿದ್ದು ಸಿಕ್ಕಿದೆ, ಎಳೆಯುವುದಿಲ್ಲ ಎಂದು ಮಾತು ಬೇರೆ ಕೊಟ್ಟಿದ್ದೇನೆ ಎಂದು ತಲೆ ಹೇಳುತ್ತಿತ್ತು. ತಲೆ ಹೇಳಿ ಮುಗಿಸುವ ಮೊದಲೇ ಕೈ ಎಳೆಯಲು ಶುರುಮಾಡಿತ್ತು. ಎರಡನೇ ಸಲ ಜಗ್ಗಿ ನೋಡುವ ನಿಯಮವನ್ನೂ ಪಾಲಿಸಲಿಲ್ಲ. ಪಕ್ಕದಲ್ಲಿದ್ದ ಸಾಹೇಬರು ಏನೋ ಕೇಳಿದರು, ಏನೆಂದು ಗೊತ್ತಿಲ್ಲ.

ಆಗ ನಾನು ಎಲ್ಲಿದ್ದೆ ಎಂದು ಆಮೇಲೆ ಬಸ್ಸಿನಲ್ಲಿ ಕೂತು ಹುಡುಕಿದೆ. ಮೊಣಕಾಲು ನೋಯಲಿಲ್ಲ. ತಂದ ಕೈಗವಸು ಚೀಲದಲ್ಲೇ ಉಳಿದಿತ್ತು, ಅಂಗೈ ಹರಿದದ್ದು ಬಸ್ ಟಿಕೆಟ್ ಕೆಂಪಾದಾಗಲೇ ಕಂಡಿದ್ದು. ಕೆಳಗೆ ಇಳಿದಾಗ ನನ್ನ ಭಯ ಹೋಗಿತ್ತು. ತೆಪ್ಪದ ಮೇಲೆ ಭಯ ಬೆಟ್ಟದಷ್ಟಿತ್ತು, ಆದರೆ ಅದು ನನ್ನದು ಎಂದುಕೊಳ್ಳಲು ಪುರುಸೊತ್ತಿರಲಿಲ್ಲ. ಹಿರಿಯಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ಈ ಸಲ ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಕೇಳಿದರು. 'ನಿರ್ವಾಣ ಅಂದ್ರೆ ದೀಪದ ಹಾಗೆ ಆರೋದು ಅಂತ ಓದಿದ್ದೀಯ. ನಿನ್ನನ್ನೇ ಆರಿಸಿಬಿಡೋಕೆ ಹೊರಟಿದ್ದೆ. ಆರಬೇಕಾಗಿದ್ದು ನನಗೆ ಬೇಕು ಅನ್ನೋ ಉರಿ' ಎಂದರು. ಶೂನ್ಯ ಎಂದರೆ ಯಾರೂ ಇಲ್ಲದ ಜಾಗವಲ್ಲ, ತನ್ನಷ್ಟಕ್ಕೆ ತಾನೇ ನಿಂತಿರುವುದು ಯಾವುದೂ ಇಲ್ಲ ಎಂಬುದು, ಅಷ್ಟೇ ಎಂದೂ ಹೇಳಿದರು. ಮೂರು ವರ್ಷದಲ್ಲಿ ನೂರು ಸಲ ಕೇಳಿದ ಮಾತು. ಅವತ್ತು ಹರಿದ ಅಂಗೈಗೆ ಔಷಧಿ ಹಚ್ಚಿಸಿಕೊಳ್ಳುತ್ತಾ ಕೇಳಿದಾಗ ಒಳಗೆ ಹೋಯಿತು. ಪೂರ್ತಿ ಅರ್ಥವಾಯಿತು ಎಂದು ಹೇಳಲಾರೆ.

ಇನ್ನು ನಿನ್ನ ಕಾಗದ. ನೀನು ನನಗೆ ಸುಳ್ಳು ಹೇಳಿದ್ದೀಯ.

ನೀರಿನಿಂದ ಬಂದ ಹಗ್ಗವನ್ನು ಸುತ್ತಿಟ್ಟಿದ್ದು ನಾನು. ನಿನ್ನ ಸೊಂಟದಿಂದ ಒಂದು ಮೊಳ ಮೇಲೆ ಒಂದು ಎಳೆ ತುಂಡಾಗಿದೆ, ಎರಡನೆಯದಕ್ಕೆ ಗಾಯವಾಗಿದೆ. ಕೊಂಬೆಗೋ ಜಾಲರಿಗೋ ಉಜ್ಜಿದರೆ ನಾರು ಬಿರಿದು ಕೂದಲಿನಂತೆ ಕೆದರುತ್ತದೆ. ಇದು ನೆಟ್ಟಗೆ ಒಂದೇ ಗೆರೆ. ಚಾಕುವಿನದು. ನಿನ್ನ ಚಾಕು ಒರೆಯಲ್ಲಿ ಇರಲೂ ಇಲ್ಲ.

ಆ ತುಂಡನ್ನು ಕತ್ತರಿಸಿ ಜೇಬಿನಲ್ಲಿ ಹಾಕಿಕೊಂಡು ಬಂದೆ, ಸಾಹೇಬರು ನೋಡದಿರಲಿ ಎಂದು. ನಾನು ಮತ್ತೆ ಇಳಿಯುತ್ತೇನೆಂಬ ಹೆದರಿಕೆಯಿಂದ ನೀನು ಸುಳ್ಳು ಬರೆದೆ. ಇಳಿಯುವುದಿಲ್ಲ. ಇನ್ನು ಎಂದೂ ಇಳಿಯುವುದಿಲ್ಲ. ಈಗ ನಿಜ ಬರೆ.

ಅಣ್ಣ


ಆಗಸ್ಟ್ ೨೬

ಅಣ್ಣಾ,

ಎರಡು ತಿಂಗಳು ನಿನ್ನ ಕಾಗದವನ್ನು ಉತ್ತರ ಬರೆಯದೆ ಇಟ್ಟುಕೊಂಡೆ. ನಿನಗೆ ಏನೇನು ಅನ್ನಿಸಿರಬಹುದು ಎಂದು ಗೊತ್ತು. ಬರೆಯಲು ಕೂತಾಗಲೆಲ್ಲ ನಾಚಿಕೆಯಾಗಿ ಎದ್ದುಬಿಡುತ್ತಿದ್ದೆ.

ನೀನು ಹೇಳಿದ್ದೆಲ್ಲ ಅಲ್ಲಿತ್ತು. ಚಳಿ ಹೋಯಿತು, ಭಯ ಹೋಯಿತು. ತಂತಿಯ ಗಂಟು ಬಿಗಿಯುತ್ತಿದ್ದೆ, ಮಧ್ಯದಲ್ಲಿ ಅದನ್ನು ಏಕೆ ಬಿಗಿಯಬೇಕು ಎಂದು ಮರೆತುಹೋಯಿತು. ಕೆಸರು ದೀಪದ ಮುಂದೆ ಏಳುತ್ತಿತ್ತು, ಅಷ್ಟು ಚೆಂದದ್ದನ್ನು ನಾನು ನೋಡಿಯೇ ಇಲ್ಲ. ಅದು ಬರೀ ಕೆಸರು ಎಂದು ಈಗ ಗೊತ್ತು. ಗೊತ್ತಿದ್ದು ಏನೂ ಪ್ರಯೋಜನವಿಲ್ಲ, ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಿನ್ನ ಜಗ್ಗು ಗೊತ್ತಾಯಿತು. ನೀನೇ ಎಂದೂ ಗೊತ್ತಾಯಿತು. ಉತ್ತರ ಕೊಡಲು ಮನಸ್ಸು ಬರಲಿಲ್ಲ. ಹಗ್ಗ ಬಿಗಿಯಾಗಿ ಸೊಂಟವನ್ನು ಎತ್ತಲು ಶುರುವಾದಾಗ ಎಂಥ ಸಿಟ್ಟು ಬಂತೆಂದರೆ, ಯಾವನೋ ಪರಕೀಯ ಬಂದು ನನ್ನ ಮನೆಯಿಂದ ನನ್ನನ್ನೇ ಹೊರಗೆ ದಬ್ಬುತ್ತಿದ್ದಾನೆ ಅನ್ನಿಸಿತು. ಚಾಕು ತೆಗೆದೆ. ಒಂದು ಎಳೆ ಕತ್ತರಿಸಿದೆ. ಎರಡನೆಯದಕ್ಕೆ ಹಚ್ಚಿದೆ. ಅಷ್ಟರಲ್ಲಿ ನೀನು ಇನ್ನೂ ಜೋರಾಗಿ ಎಳೆದೆ, ಚಾಕು ಕೈಜಾರಿ ಕೆಳಗೆ ಬಿತ್ತು. ಅದು ಬೀಳದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸ್ವಲ್ಪ ಮೇಲೆ ಬರುವಷ್ಟರಲ್ಲಿ ತಲೆ ತಿಳಿಯಾಯಿತು. ಹತ್ತು ಮೀಟರಿನಲ್ಲಿ ನೀನು ನಿಲ್ಲಿಸಿಕೊಂಡಿದ್ದಾಗ ಮುಖವಾಡದೊಳಗೆ ಅಳುತ್ತಿದ್ದೆ. ಬದುಕಿದೆ ಎಂದು ಅತ್ತಿದ್ದಲ್ಲ, ಅದು ಹೋಯಿತಲ್ಲಾ ಎಂದು.

ನನ್ನನ್ನು ಹೆದರಿಸುವುದು ಸಾವಲ್ಲ. ಆ ಸುಖದಲ್ಲಿ ನೀನು ಇರಲಿಲ್ಲ. ಅಪ್ಪ ಇರಲಿಲ್ಲ. ಮೇಲೆ ಒಬ್ಬ ಕೈ ಹರಿದುಕೊಂಡು ನಿಂತಿದ್ದಾನೆ ಎಂಬುದು ನನಗೆ ಬೇಕಾಗಿರಲಿಲ್ಲ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ. ಮೂರು ವರ್ಷ ನಿನ್ನನ್ನು ಕಲ್ಲುಹೃದಯದವನು ಎಂದು ಬೈದೆ. ನೀನು ಹೇಗೆ ಅದನ್ನು ಎದೆಯಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತಿದ್ದೆ ಎಂದು ಈಗ ತಿಳಿಯುತ್ತಿದೆ. ಕ್ಷಮಿಸು ಎಂದರೆ ಯಾವುದಕ್ಕೆ ಎಂದು ಹೇಳಬೇಕಾಗುತ್ತದೆ, ಅದು ಗೊತ್ತಿಲ್ಲ.

ಈಗ ನಿಜವಾದ ಸಂಕಟ ಕೇಳು. ಉಳಿದ ಅರ್ಧ ದಿಮ್ಮಿಯನ್ನು ತೆಗೆಯಬೇಕು. ಹೊರಗಿನ ಕಂಪನಿಯವರು ಈಗ ಬರುತ್ತೇವೆ ಎಂದಿದ್ದಾರೆ. ಅವರ ಹತ್ತಿರ ಆ ಆಳಕ್ಕೆ ಬೇರೆಯದೇ ಗಾಳಿ ಇದೆ, ಅಮಲೇರುವುದಿಲ್ಲವಂತೆ. ಅವರೇ ಮಾಡಲಿ ಎಂದು ನಾನು ಹೇಳಬೇಕಿತ್ತು. ಸಾಹೇಬರು ಕೇಳಿದಾಗ, 'ಅವರ್ಯಾಕೆ ಸರ್, ನಾನೇ ಇಳಿತೀನಿ' ಎಂದೆ. ಬಾಯಿಂದ ಆ ಮಾತು ಬಂದ ಧಾಟಿ ಕೇಳಿ ನನಗೇ ಬೆನ್ನು ತಣ್ಣಗಾಯಿತು. ಸೆಪ್ಟೆಂಬರ್ ಮಧ್ಯಕ್ಕೆ ಎಂದು ಮಾತಾಗಿದೆ. ಕ್ರೇನ್ ನಡೆಸುವವನು ಹಗ್ಗ ಹಿಡಿಯುತ್ತಾನೆ. ಹೊಸ ಚಾಕು ಕೊಂಡಿದ್ದೇನೆ. ಹಳೆಯದು ಕಳೆದಿದೆ, ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಇದನ್ನು ಬೇರೆ ಯಾರಿಗೂ ಹೇಳಿಲ್ಲ. ಹೇಳಲು ಇನ್ನೊಬ್ಬರಿಲ್ಲ.

ನಿನ್ನ ಪುಟ್ಟಿ


ಸೆಪ್ಟೆಂಬರ್ ೪

ಪುಟ್ಟಿ,

ನಿನ್ನ ಕಾಗದ ಬಂದಾಗ ಅಂಗಳ ಗುಡಿಸುತ್ತಿದ್ದೆ. ಪೊರಕೆ ಹಿಡಿದುಕೊಂಡೇ ಓದಿದೆ. ಹಿರಿಯಮ್ಮ ದೂರದಿಂದ ನನ್ನ ಮುಖ ನೋಡಿ, ಏನು ಎಂದು ಕೇಳದೆ ಒಳಗೆ ಹೋಗಿ ನನ್ನ ಚೀಲ ತಂದು ಮೆಟ್ಟಿಲ ಮೇಲಿಟ್ಟರು. ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋಗು ಎಂದರು. ಅವರ ಹತ್ತಿರ ನಾನು ಕಲಿತಿದ್ದು ಮುಗಿಯಿತೋ ಈಗ ಶುರುವಾಯಿತೋ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ, ಬಸ್ಸಿನ ಹೊತ್ತು ವಿಚಾರಿಸಲು ಓಡಿದೆ.

ಹೇಸಿಗೆ ಪಡಬೇಡ. ಅಲ್ಲಿ ನನಗೂ ನೀನು ಇರಲಿಲ್ಲ. ಅದನ್ನು ಮೂರು ವರ್ಷ ನಾನು ದೊಡ್ಡ ಜ್ಞಾನ ಎಂದು ಹೊತ್ತು ತಿರುಗಿದೆ, ನೀನು ಮೂರು ತಿಂಗಳಲ್ಲೇ ಹೆದರಿ ಕಾಗದ ಬರೆದೆ. ನಿನಗೆ ನನಗಿಂತ ಬುದ್ಧಿ ಜಾಸ್ತಿ ಎಂದು ಅಪ್ಪ ಮೊದಲಿನಿಂದಲೂ ಕೂಗುತ್ತಿದ್ದರು, ಆಗ ಅವರ ಕಿವಿಯೂ ಸರಿಯಿತ್ತು.

ಇಳಿಯಬೇಡ ಎಂದು ನಾನು ಬರೆದರೆ ನೀನು ಇಳಿದೇ ಇಳಿಯುತ್ತೀಯ. ಬೇಡ ಅನ್ನಿಸಿಕೊಂಡವರ ಮನಸ್ಸು ಹೇಗೆ ಓಡುತ್ತದೆ ಎಂದು ನನಗೆ ಗೊತ್ತು. ಕಂಪನಿಯವರಿಗೆ ಬಿಟ್ಟುಕೊಡು ಎಂದು ನಿನ್ನ ಎದುರಿಗೆ ನಿಂತು ಹೇಳುತ್ತೇನೆ. ಅವತ್ತು ಬೆಳಗ್ಗೆ ತೆಪ್ಪದ ಅಂಚಿನವರೆಗೂ ಹೇಳುತ್ತೇನೆ. ಕೇಳಿದರೆ ಇಬ್ಬರೂ ಮನೆಗೆ ಹೋಗಿ ಅಪ್ಪನ ಜೊತೆ ಊಟ ಮಾಡೋಣ.

ಕೇಳದಿದ್ದರೆ ಆ ಸಾಧು ಮನುಷ್ಯನನ್ನು ಅವನ ಕ್ರೇನಿಗೆ ಕಳಿಸಿಬಿಡು. ಸಾಹೇಬರಿಗೆ ಬರೆದಾಯಿತು, ಹಗ್ಗ ಹಿಡಿಯುವ ಕೆಲಸಕ್ಕೆ ಈ ತಿಂಗಳಿಂದ ನಾನೇ. ಮುಳುಗಲು ಮೊಣಕಾಲು ಬೇಕು, ನಿಂತು ಹಿಡಿದುಕೊಳ್ಳಲು ಈ ಮೊಣಕಾಲು ಸಾಕು. ಹಗ್ಗದ ಬದಲು ಕತ್ತರಿಸಲಾಗದ ಉಕ್ಕಿನ ತಂತಿ ಕಟ್ಟಲು ಹೇಳಿದ್ದೇನೆ. ಹೊಸ ಚಾಕುವನ್ನು ಬೇಕಾದರೆ ಇಟ್ಟುಕೋ.

ಮಾತು ಗೀತು ನಾನು ಈ ಸಲ ಕೊಡುವುದಿಲ್ಲ. ನೀನು ಬೈದರೂ, ಮೇಲೆ ಬಂದು ನನ್ನ ಜೊತೆ ಮೂರು ವರ್ಷ ಮಾತು ಬಿಟ್ಟರೂ ಸರಿ. ಕೆಳಗೆ ನೀನು ಎಷ್ಟೇ ಸುಖವಾಗಿದ್ದರೂ ಎಳೆಯುತ್ತೇನೆ.

ಅಣ್ಣ